ಲುಪ್ಪೊ ತಿದ್ದಿದ ಹಾಡು

ಗುರುವಾರ ಮಧ್ಯಾಹ್ನ ಮೂರು ಗಂಟೆಗೆ ರೈಂಡರ್ ಸಾಯುವುದೆಂದು ನಿಶ್ಚಯವಾಗಿತ್ತು. ಡಾಕ್ಟರ್ ಬರುವ ಹೊತ್ತು, ಕೋಣೆಯಲ್ಲಿ ಯಾರು ಯಾರು ಇರಬೇಕು, ಯಾವ ಅಂಗಿ ತೊಡಬೇಕು, ಎಲ್ಲವೂ ಮುಂಚೆಯೇ ಗೊತ್ತಾಗಿತ್ತು. ಸ್ನಾಯುಗಳನ್ನು ತಿನ್ನುವ ರೋಗ ಅವನ ಕಾಲುಗಳನ್ನು ಮುಗಿಸಿ, ಕೈಗಳನ್ನು ಮುಗಿಸಿ, ಈಗ ಗಂಟಲಿಗೆ ಬಂದು ಕೂತಿತ್ತು. ಉಸಿರು ಕಟ್ಟಿ ಒದ್ದಾಡಿ ಹೋಗುವುದು ಬೇಡ ಎಂದು ಅವನೇ ಕೇಳಿಕೊಂಡಿದ್ದ. ಕಾನೂನು ಒಪ್ಪಿತ್ತು, ಇಬ್ಬರು ಡಾಕ್ಟರುಗಳು ಒಪ್ಪಿದ್ದರು, ಹೆಂಡತಿ ಫೆನ್ನಾ ಅತ್ತು ಅತ್ತು ಕೊನೆಗೆ ಒಪ್ಪಿದ್ದಳು. ಒಪ್ಪದೆ ಉಳಿದವನು ಲುಪ್ಪೊ ಒಬ್ಬನೇ. ಅವನು ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಹಾಡು ಇನ್ನೂ ಮುಗಿದಿಲ್ಲ ಎಂದಷ್ಟೇ ಹೇಳುತ್ತ ಬಂದ.

ಲುಪ್ಪೊಗೆ ಹಾಡು ಮುಗಿಯುವುದು ಯಾವತ್ತೂ ಸುಲಭವಿರಲಿಲ್ಲ. ಗ್ರೋನಿಂಗೆನ್ ಸೀಮೆಯ ವೇಂಡಮ್ ಊರಿನಲ್ಲಿ ಅವನದು ಶ್ರವಣಯಂತ್ರಗಳ ಅಂಗಡಿ. ಹಗಲೆಲ್ಲ ಮುದುಕರ ಕಿವಿ ಸರಿಮಾಡುವುದು, ಸಂಜೆ ಗಿಟಾರು. ಹುಡುಗರಾಗಿದ್ದಾಗ ಅವನೂ ರೈಂಡರನೂ ಸೇರಿ ಕಟ್ಟಿದ ವಾದ್ಯತಂಡದ ಹೆಸರು ವಿಂಟರ್ ಫೆರಿ. ರೈಂಡರನದು ಕೀಬೋರ್ಡು, ಆಲೂಗಡ್ಡೆ ಹಿಟ್ಟಿನ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದ ಹಿಲ್ಕೊನದು ಡ್ರಮ್ಮು. ಮೂರು ನಿಮಿಷದ ಪ್ರೇಮಗೀತೆ ಹಾಡಿಕೊಂಡು ಸುಖವಾಗಿದ್ದ ಜಗತ್ತಿನಲ್ಲಿ ಇವರು ಹಾಡೊಂದಕ್ಕೆ ಕಾಲು ಗಂಟೆ ತೆಗೆದುಕೊಂಡರು. ಮುಳುಗಿದ ಊರುಗಳು, ನಿಂತ ಗಡಿಯಾರಗಳು, ಮಂಜಿನಲ್ಲಿ ದಾರಿ ತಪ್ಪಿದ ನಾವಿಕರು, ನಡುನಡುವೆ ತಾಳ ಬದಲಿಸುವ ಹುಚ್ಚು. ಕುಣಿಯಲು ಬಂದವರು ಕಾಲು ಎಲ್ಲಿಡಬೇಕೆಂದು ತಿಳಿಯದೆ ಬಿಯರ್ ಕುಡಿಯಲು ಹೋಗುತ್ತಿದ್ದರು.

ಮೊದಲ ಆಲ್ಬಂ 'ಉಪ್ಪಿನ ಗಡಿಯಾರ' ಕ್ಯಾಸೆಟ್ಟಿನಲ್ಲಿ ಬಂತು. ಕೊಂಡವರಲ್ಲಿ ಅರ್ಧ ಜನ ಅತ್ತೆ ಮಾವ ಚಿಕ್ಕಪ್ಪಂದಿರು. ಎರಡನೆಯದು 'ಮುಳುಗಿದ ಗಂಟೆ'. ಅದು ಹೇಗೋ ಜಪಾನಿಗೆ ಹೋಗಿ ಅಲ್ಲಿ ಕೆಲವರ ತಲೆ ಕೆಡಿಸಿತು. ಒಸಾಕಾದಿಂದ ಒಬ್ಬ ಪುಣ್ಯಾತ್ಮ ಪ್ರತಿ ವರ್ಷ ಹೊಸವರ್ಷದ ಶುಭಾಶಯ ಕಳಿಸುತ್ತಿದ್ದ. ಮೂರನೆಯದು ಮುಗಿಯುವಷ್ಟರಲ್ಲಿ ಹಾಡುಗಾರ ಮೆನ್ನೊ ಬೇಸತ್ತು, ಅಡುಗೆಮನೆ ಕಪಾಟು ಮಾರುವ ಕೆಲಸಕ್ಕೆ ಸೇರಿ ಮೂರು ಮಕ್ಕಳ ತಂದೆಯಾದ. ನಾಲ್ಕನೆಯದಕ್ಕೆ ಹನ್ನೊಂದು ವರ್ಷ ಹಿಡಿಯಿತು. ಕಾರಣ ಲುಪ್ಪೊ. ಒಂದು ತಂತಿಯ ಸದ್ದು ಕೂದಲೆಳೆಯಷ್ಟು ಹಿಂದೆ ಬಿದ್ದರೂ ಅವನಿಗೆ ನಿದ್ದೆ ಇಲ್ಲ. ಊರಾಚೆ ಇದ್ದ ಅಪ್ಪನ ಹಳೆಯ ಹಂದಿ ಕೊಟ್ಟಿಗೆಯನ್ನು ಸ್ಟುಡಿಯೊ ಮಾಡಿಕೊಂಡು ಅಲ್ಲೇ ತಿದ್ದುತ್ತ, ಮತ್ತೆ ತಿದ್ದುತ್ತ ಕೂರುತ್ತಿದ್ದ.

ಐದನೆಯ ಆಲ್ಬಂ ಎಂದರೆ ಒಂದೇ ಹಾಡು, 'ಕೊನೆಯ ದೋಣಿ', ಇಪ್ಪತ್ತೇಳು ನಿಮಿಷ. ಅದರ ಕೊನೆಯ ಭಾಗ ಪೂರ್ತಿ ರೈಂಡರನದೇ. ಶರತ್ಕಾಲದಲ್ಲಿ, ಬೆರಳುಗಳಲ್ಲಿ ಇನ್ನೂ ಒಂದಿಷ್ಟು ಜೀವ ಇದ್ದಾಗ, ಫೆನ್ನಾ ಅವನನ್ನು ಕಾರಿನಲ್ಲಿ ಕರೆತಂದು, ಗಾಲಿಕುರ್ಚಿಯಲ್ಲಿ ಕೊಟ್ಟಿಗೆಯೊಳಗೆ ತಳ್ಳಿಕೊಂಡು ಬಂದಿದ್ದಳು. ಅವನು ಒಂದೇ ಉಸಿರಿಗೆ ಬಾರಿಸಿದ. ಬೆರಳು ತಡವಾಯಿತು, ಕೆಲವು ಕೀಗಳನ್ನು ಒತ್ತಲಾಗಲೇ ಇಲ್ಲ, ಏರಬೇಕಾದ ಕಡೆ ಸ್ವರ ಮೆಟ್ಟಿಲು ಹತ್ತಲಾರದ ಮುದುಕನಂತೆ ನಿಂತು ನಿಂತು ಏರಿತು. ಅವನು ಮನೆಗೆ ಹೋದ ಮೇಲೆ ಲುಪ್ಪೊ ಕಂಪ್ಯೂಟರಿನ ಮುಂದೆ ಕೂತ. ಚಳಿಗಾಲವೆಲ್ಲ ಕೂತ. ಒಂದೊಂದು ಸ್ವರವನ್ನೂ ಹಿಡಿದು ಅದರ ಜಾಗಕ್ಕೆ ಸರಿಸಿದ, ಬಿಟ್ಟುಹೋದದ್ದನ್ನು ತುಂಬಿದ, ಸೋತದ್ದಕ್ಕೆ ಬಲ ಕೊಟ್ಟ. ಗೆಳೆಯ ಕುಂಟುತ್ತ ಲೋಕದ ಮುಂದೆ ಹೋಗಬಾರದು ಎನ್ನುವುದು ಅವನ ಆಸೆ. ಪ್ರೀತಿಯೇ ಅದು, ಸುಳ್ಳಲ್ಲ. ಆದರೆ ಪ್ರೀತಿಯಿಂದಲೇ ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದವರು ಎಷ್ಟು ಜನರಿಲ್ಲ.

ಗುರುವಾರ ಊಟದ ಹೊತ್ತಿಗೆ ಅವನು ಹಾಡು ಹಿಡಿದುಕೊಂಡು ಬಂದ. ದೊಡ್ಡ ಕಿಟಕಿಯ ಪಕ್ಕಕ್ಕೆ ಮಂಚ ಎಳೆದಿದ್ದರು. ಹಿಲ್ಕೊ ಆಗಲೇ ಬಂದು, ಅಷ್ಟು ದೊಡ್ಡ ದೇಹವನ್ನು ಸಣ್ಣ ಕುರ್ಚಿಯಲ್ಲಿ ಮುದುರಿಕೊಂಡು ಕೂತಿದ್ದ. ಮಂಚದ ಬಲಕ್ಕೆ ಒಂದು ಕುರ್ಚಿ ಖಾಲಿ ಇತ್ತು. ಅದು ಲುಪ್ಪೊನದು. ಫೆನ್ನಾ ಕಾಫಿ ಕೊಟ್ಟು ಬಿಸ್ಕತ್ತಿನ ಡಬ್ಬಿ ಚಾಚಿದಳು. ಆ ಮನೆಯಲ್ಲಿ, ಆ ಸೀಮೆಯ ಎಲ್ಲ ಮನೆಗಳಲ್ಲಿ, ಬಂದವರು ಒಂದು ಬಿಸ್ಕತ್ತು ತೆಗೆದುಕೊಂಡ ಕೂಡಲೇ ಡಬ್ಬಿ ಟಪ್ಪೆಂದು ಮುಚ್ಚುತ್ತದೆ. ಮೂವತ್ತು ವರ್ಷದಿಂದ ಅದನ್ನೇ ನೋಡಿದ್ದ ಲುಪ್ಪೊ ಕಾದ. ಫೆನ್ನಾ ಮುಚ್ಚಲಿಲ್ಲ. ತೆರೆದ ಡಬ್ಬಿಯನ್ನು ಹಾಗೇ ಮೇಜಿನ ಮೇಲಿಟ್ಟು ಕೂತಳು. ಇವತ್ತು ನಿಜವಾಗಿಯೂ ನಡೆಯಲಿದೆ ಎಂದು ಅವನ ಎದೆಗೆ ನಾಟಿದ್ದು ಆಗಲೇ.

"ಮೂರು ಗಂಟೆ ಒಳಗೆ ಮುಗಿಯುತ್ತೇನೋ ನಿನ್ನ ಹಾಡು?" ಎಂದ ಹಿಲ್ಕೊ. "ಡಾಕ್ಟ್ರು ಬಂದು ಬಾಗಿಲಲ್ಲಿ ನಿಂತ್ಕೋಬೇಕಾದೀತು."

ರೈಂಡರ್ ನಕ್ಕ. ನಕ್ಕರೆ ಈಗ ಅವನಿಗೆ ಕೆಮ್ಮು ಬರುತ್ತಿತ್ತು. "ಹಾಕೋ," ಎಂದ. ಮಾತು ಹಿಟ್ಟಿನೊಳಗಿಂದ ಬಂದಂತೆ ಬರುತ್ತಿತ್ತು, ಆದರೂ ತಿಳಿಯುತ್ತಿತ್ತು.

ಹಾಡು ನಡೆಯಿತು. ಹೊರಗೆ ಕಾಲುವೆಯಲ್ಲಿ ಬಾತುಕೋಳಿಗಳು, ಸೈಕಲ್ ತುಳಿದುಕೊಂಡು ಹೋಗುವ ಹೆಂಗಸರು. ಕೊನೆಯ ಭಾಗ ಬಂದಾಗ ರೈಂಡರ್ ಕಣ್ಣು ಮುಚ್ಚಿಕೊಂಡ. ಸ್ವರಗಳು ಒಂದರ ಹಿಂದೊಂದು, ಸಾಲು ತಪ್ಪದೆ, ಕನ್ನಡಿಯಂತೆ ನಯವಾಗಿ ಏರಿದವು. ಮುಗಿಯಿತು. ಲುಪ್ಪೊ ಗೆಳೆಯನ ಬಾಯಿ ನೋಡುತ್ತ ಕೂತ.

ಅವನು ಕಾಯುತ್ತಿದ್ದ ಮಾತು ಒಂದೇ. ಗ್ರೋನಿಂಗೆನ್ ಸೀಮೆಯ ಜನ ಹೊಗಳುವುದರಲ್ಲಿ ಕಡು ಜಿಪುಣರು. ಮಗಳ ಮದುವೆಯಾಗಲಿ, ಹಬ್ಬದೂಟವಾಗಲಿ, ಜೀವಮಾನದಲ್ಲಿ ಒಮ್ಮೆ ಬರುವ ಬೆಳೆಯಾಗಲಿ, "ಇನ್ನೂ ಕೆಡಬೋದಿತ್ತು" ಎನ್ನುತ್ತಾರೆ, ಅಷ್ಟೇ. ಅದರ ಮೇಲೆ ಹೊಗಳಿಕೆ ಇಲ್ಲ. ಚೆನ್ನಾಗಿದೆ ಎನ್ನುವುದು ಹೊರಗಿನವರಿಗೆ: ಆಮ್‌ಸ್ಟರ್‌ಡಾಮಿನಿಂದ ಬಂದವರ ಕೋಟಿಗೆ, ಗುರುತಿಲ್ಲದವರ ಮಗು ಬರೆದ ಚಿತ್ರಕ್ಕೆ. ಲುಪ್ಪೊನ ಎಲ್ಲ ಹಾಡಿಗೂ ರೈಂಡರ್ "ಇನ್ನೂ ಕೆಡಬೋದಿತ್ತು" ಎಂದೇ ಹೇಳಿದ್ದ. ನಾಲ್ಕು ಆಲ್ಬಂ ಹುಟ್ಟಿದ್ದು ಆ ಮಾತಿಗಾಗಿಯೇ ಎಂದರೂ ತಪ್ಪಿಲ್ಲ.

ರೈಂಡರ್ ಕಣ್ಣು ತೆರೆದ.

"ಚೆನ್ನಾಗಿದೆ," ಎಂದ. "ತುಂಬ ಚೆನ್ನಾಗಿದೆ."

ಹಿಲ್ಕೊ ನೆಲ ನೋಡಿದ. ಲುಪ್ಪೊಗೆ ಕೆನ್ನೆಗೆ ಹೊಡೆಸಿಕೊಂಡಂತಾಯಿತು.

"ಹಾಗಂದ್ರೇನೋ?"

"ಯಾರು ಬಾರ್ಸಿದ್ದು ಅದನ್ನ?"

"ನೀನೇ. ಇನ್ಯಾರು?"

"ನಾನು ಮೂವತ್ತರ ಹುಡುಗ ಇದ್ದಾಗ್ಲೂ ಹಾಗೆ ಬಾರ್ಸಿಲ್ಲ ಮಾರಾಯ." ರೈಂಡರ್ ಉಸಿರು ಎಳೆದುಕೊಂಡ. "ಯಾರೋ ಪುಣ್ಯಾತ್ಮ ಬಾರ್ಸಿದಾನೆ. ನಾನಿಲ್ಲ ಅದರಲ್ಲಿ."

ಫೆನ್ನಾ ಗಂಡನ ತುಟಿ ಒರೆಸಿದಳು. ಲುಪ್ಪೊಗೆ ಇಷ್ಟು ದಿನ ಕೂತು ಕಣ್ಣು ಕೆಡಿಸಿಕೊಂಡದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಅದಕ್ಕಿಂತ ಹೆಚ್ಚಿಗೆ, ಗೆಳೆಯ ತಾನಿಲ್ಲದ ಹಾಡು ಕೇಳಿಕೊಂಡು ಹೋಗುತ್ತಿದ್ದಾನಲ್ಲ ಎನ್ನುವ ಭಯ. ಅವನು ಎದ್ದು ನಿಂತ.

"ಅಸಲು ಇದೆ. ನೀನು ಬಾರ್ಸಿದ್ದು ಹಾಗೇ ಇದೆ, ಕೊಟ್ಟಿಗೇಲಿ. ತರ್ತೀನಿ."

"ಬೇಡ. ಕೂತ್ಕೋ."

"ಒಂದೂವರೆ ಈಗ. ಹೋಗಿ ಬರೋಕೆ ಎಷ್ಟೊತ್ತು?"

"ಲುಪ್ಪೊ. ಸುಮ್ನೆ ಕೂತ್ಕೊಳೋ."

ಕೂರಲಿಲ್ಲ ಅವನು. ಕೋಟು ಹಾಕಿಕೊಳ್ಳುತ್ತಿದ್ದಾಗ ಫೆನ್ನಾ ಪಡಸಾಲೆಗೆ ಬಂದಳು.

"ಕೂತ್ಕೋ ಅಂದ್ನಲ್ಲ ಅವನು. ಕಿವಿ ಕೇಳ್ಸಲ್ವಾ ನಿನಗೆ?"

"ಎರಡೂವರೆಗೆ ಇಲ್ಲಿರ್ತೀನಿ ಕಣೇ. ಆಣೆ."

"ನೀನು ಹೊತ್ತಿಗೆ ಸರಿಯಾಗಿ ಯಾವುದನ್ನ ಮುಗಿಸಿದೀಯ ಹೇಳು," ಎಂದು ಅವಳು ಒಳಗೆ ಹೋದಳು.

ಕೊಟ್ಟಿಗೆ ತಣ್ಣಗಿತ್ತು. ಅಭ್ಯಾಸದಂತೆ ಫೋನನ್ನು ಆರಿಸಿ ಬಾಗಿಲ ಹೊರಗಿನ ಗೂಟದಲ್ಲಿ ಕೋಟಿನೊಳಗೇ ಬಿಟ್ಟ; ಒಳಗಿದ್ದರೆ ಯಂತ್ರಗಳಲ್ಲಿ ಗುಂಯ್ ಎನ್ನುತ್ತದೆ. ಕಂಪ್ಯೂಟರು ತೆರೆದು, ತಿದ್ದಿದ್ದನ್ನೆಲ್ಲ ತೆಗೆದುಹಾಕಿ, ರೈಂಡರನ ಅಸಲು ಕೈಯನ್ನು ಅದರ ಜಾಗಕ್ಕೆ ತಂದಿಟ್ಟ. ಅಷ್ಟೇ ಕೆಲಸ. ನಕಲು ಮಾಡಿಕೊಂಡು ಹೊರಟಿದ್ದರೆ ಮುಗಿದಿತ್ತು. ಆದರೆ ಒಮ್ಮೆ ಕೇಳಿ ನೋಡೋಣ ಎನ್ನಿಸಿತು. ಕೇಳಿದರೆ, ಸೋತ ಬೆರಳಿನ ಆ ಸ್ವರಗಳು ಹಿಲ್ಕೊನ ಡ್ರಮ್ಮಿನ ಕೆಳಗೆ ಹೂತುಹೋಗಿದ್ದವು. ಹೀಗೆ ಒಯ್ದರೆ ಅವನಿಗೆ ಅವನೇ ಕೇಳಿಸುವುದಿಲ್ಲವಲ್ಲ. ಡ್ರಮ್ಮು ಸ್ವಲ್ಪ ಇಳಿಸಿದ. ಆಗ ಗಿಟಾರು ಮುಂದೆ ಬಂತು. ತನ್ನ ಗಿಟಾರನ್ನೂ ಇಳಿಸಿದ. ಆಗ ಮಧ್ಯೆ ಒಂದು ಕಡೆ ಟೊಳ್ಳಾಯಿತು. ಸ್ವಲ್ಪವೇ, ಇನ್ನೊಂದು ಚೂರು. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ. ತಲೆಯೆತ್ತಿ ಗೋಡೆ ನೋಡಿದಾಗ ಗಡಿಯಾರ ಎರಡೂವರೆ ದಾಟಿತ್ತು.

ಹಾಡಿನ ಬಾಲವನ್ನು ಕತ್ತರಿಸಲೂ ಇಲ್ಲ ಅವತ್ತು. ಕೊನೆಯ ಸ್ವರ ಆರಿದ ಮೇಲೆ ಬರುವ ಕೆಮ್ಮು, ಮಾತು, ಕುರ್ಚಿಯ ಸದ್ದು, ಎಲ್ಲವನ್ನೂ ಕೇಳಿ ಕೂಡ ನೋಡದೆ ಕತ್ತರಿಸಿ ಎಸೆಯುವುದು ಅವನ ಹಳೆಯ ರೂಢಿ. ಈಗ ಪುರುಸೊತ್ತಿರಲಿಲ್ಲ. ಇದ್ದದ್ದನ್ನು ಇದ್ದಹಾಗೆ ನಕಲು ಮಾಡಿಕೊಂಡು ಕಾರಿಗೆ ಓಡಿದ.

ಊರ ಮುಂದಿನ ಕಾಲುವೆಯ ಸೇತುವೆ ದೋಣಿಗೆ ದಾರಿ ಬಿಡಲು ಮೇಲೆದ್ದು ನಿಂತಿತ್ತು. ಕೆಳಗೆ ಒಂದು ಬಿಳಿ ವಿಹಾರದೋಣಿ ಅವಸರವಿಲ್ಲದೆ ಹೋಗುತ್ತಿತ್ತು. ದೋಣಿಯಲ್ಲಿದ್ದ ಮುದುಕ ಕಾದವರಿಗೆ ಕೈ ಬೀಸಿದ. ಲುಪ್ಪೊ ಸ್ಟಿಯರಿಂಗಿಗೆ ಹಣೆ ಒತ್ತಿಕೊಂಡು ಕೂತ. ಮುಂದೆ ವರ್ಷಗಟ್ಟಲೆ ಅವನು ಸೇತುವೆಯನ್ನು ಬೈದ. ಬೈಯಲಿ. ಅದು ತೆರೆದಿದ್ದದ್ದು ಒಂದು ದೋಣಿ ದಾಟುವಷ್ಟು ಹೊತ್ತು ಮಾತ್ರ.

ಮನೆಯ ಮುಂದೆ ಡಾಕ್ಟರಮ್ಮನ ಕಾರು ನಿಂತಿತ್ತು. ಬೆಲ್ ಒತ್ತುವ ಮೊದಲೇ ಫೆನ್ನಾ ಬಾಗಿಲು ತೆರೆದಳು. ಅವಳ ಮುಖ ನೋಡಿ ಅವನಿಗೆ ತಿಳಿಯಿತು.

"ಮೂರೂ ಕಾಲು ಅಷ್ಟೇ ಈಗ," ಎಂದ. "ಕಾಯ್ಬೋದಿತ್ತಲ್ಲ."

"ಡಾಕ್ಟ್ರು ಕಾಯ್ತೀನಿ ಅಂದ್ರು. ನಾನು ಫೋನ್ ಮಾಡ್ದೆ, ಹಿಲ್ಕೊ ಮಾಡ್ದ. ರೈಂಡರನೇ ಬೇಡ ಅಂದ. ಕಾದ್ರೆ ಇರೋ ಧೈರ್ಯನೂ ಹೋಗತ್ತೆ, ಈಗ್ಲೇ ಆಗ್ಲಿ ಅಂದ." ಅವಳು ಬಾಗಿಲಿಗೆ ಒರಗಿದಳು. "ಬಲಗೈ ಹಿಡ್ಕೊಳೋಕೆ ಹಿಲ್ಕೊಗೆ ಆ ಕಡೆ ಬಾ ಅಂದೆ. ರೈಂಡರ್ ಬೇಡ ಅಂದ. ಅದು ಲುಪ್ಪೊ ಜಾಗ, ಬಿಡು ಅಂದ."

"ಇನ್ನೇನಂದ?"

"ಬರ್ತಾನೆ ಅವನು, ಆದ್ರೆ ಎಲ್ಲ ಸರಿಮಾಡ್ಕೊಂಡು ಬರ್ತಾನೆ ಅಂದ. ನಗ್ತಾ ಹೇಳ್ದ. ಅದೇ ಕೊನೇ ಮಾತು."

ಒಳಗೆ ರೈಂಡರ್ ನೀಲಿ ಅಂಗಿ ತೊಟ್ಟು ಮಲಗಿದ್ದ. ಎಡಗೈ ಹೊಟ್ಟೆಯ ಮೇಲಿತ್ತು. ಬಲಗೈ ಮಂಚದ ಅಂಚಿಗೆ, ಖಾಲಿ ಕುರ್ಚಿಯ ಕಡೆಗೆ ಚಾಚಿಕೊಂಡಿತ್ತು. ಯಾರೂ ಅದನ್ನು ಎತ್ತಿ ಇಟ್ಟಿರಲಿಲ್ಲ. ಲುಪ್ಪೊ ಕುರ್ಚಿಯಲ್ಲಿ ಕೂತು ಆ ಕೈ ಹಿಡಿದುಕೊಂಡ. ಇನ್ನೂ ಬಿಸಿ ಇತ್ತು. ಅವನಿಗೆ ಅಳು ಬರಲಿಲ್ಲ, ನಾಚಿಕೆಯೇ ಬಂತು.

"ತಂದ್ಯಲ್ಲ," ಎಂದಳು ಫೆನ್ನಾ. "ಹಾಕು. ಅವನಿಗಾಗಿ ತಂದಿದ್ದು ತಾನೆ."

ಡಾಕ್ಟರಮ್ಮ ಅಡುಗೆಮನೆಗೆ ಹೋದರು. ಉಳಿದವರು ಕೂತರು. ಈ ಸಲ ಕೊನೆಯ ಭಾಗದಲ್ಲಿ ಸ್ವರಗಳು ತಡವರಿಸುತ್ತ ಬಂದವು. ಒಂದು ಏಳುವ ಮೊದಲೇ ಇನ್ನೊಂದು ಬಿತ್ತು. ನಡುವೆ ಎಲ್ಲೋ ಬೆರಳು ಜಾರಿ ರೈಂಡರ್ ಮೆಲ್ಲಗೆ ಬೈದುಕೊಂಡದ್ದೂ ಕೇಳಿಸಿತು. ಫೆನ್ನಾ ಅಲ್ಲಿ ಒಮ್ಮೆ ನಕ್ಕು, ಬಾಯಿಗೆ ಕೈ ಇಟ್ಟುಕೊಂಡು ಅಳತೊಡಗಿದಳು. ಇದು ಅವನೇ. ಕೊನೆಯ ಮೆಟ್ಟಿಲಲ್ಲಿ ಅವನು ನಿಂತ, ಎಷ್ಟೋ ಹೊತ್ತು ನಿಂತ, ಆಮೇಲೆ ಅದನ್ನೂ ಹತ್ತಿದ. ಲುಪ್ಪೊ ಅಷ್ಟೆಲ್ಲ ಹಾಡು ಮಾಡಿದ್ದರಲ್ಲಿ ಅದರಷ್ಟು ಒಳ್ಳೆಯದು ಒಂದೂ ಇರಲಿಲ್ಲ, ಮತ್ತು ಅದು ಅವನಿಗೆ ಈಗಷ್ಟೇ ಕೇಳಿಸಿತು.

ಸ್ವರ ಆರಿತು. ಲುಪ್ಪೊ ನಿಲ್ಲಿಸಲು ಕೈ ಚಾಚುವಷ್ಟರಲ್ಲಿ ಗಾಲಿಕುರ್ಚಿ ಕಿರುಗುಟ್ಟಿತು. ಕತ್ತರಿಸದೆ ಉಳಿದಿದ್ದ ಬಾಲ. ರೈಂಡರನ ದನಿ ಬಂತು, ಆಗಿನ್ನೂ ಗಟ್ಟಿಯಾಗಿದ್ದ ದನಿ:

"ಹೇಗಿತ್ತೋ ಲುಪ್ಪೊ?"

ಆಮೇಲೆ ಯಂತ್ರದ ಪಕ್ಕದಿಂದ ಲುಪ್ಪೊನದೇ ದನಿ, ಅಂಗಡಿಗೆ ಬಂದ ಗಿರಾಕಿಯ ಜತೆ ಮಾತಾಡುವ ನಯದಲ್ಲಿ:

"ಚೆನ್ನಾಗಿದೆ. ತುಂಬ ಚೆನ್ನಾಗಿದೆ."

ಅವನಿಗೆ ಹಾಗೆಂದ ನೆನಪೇ ಇರಲಿಲ್ಲ. ರೈಂಡರನಿಗೆ ಇತ್ತು. ಶರತ್ಕಾಲದಿಂದ ಇವತ್ತಿನವರೆಗೂ ಅವನು ಅದನ್ನು ಇಟ್ಟುಕೊಂಡಿದ್ದ. ಧ್ವನಿಮುದ್ರಣದಲ್ಲಿ ಕೀಬೋರ್ಡಿನ ಮುಚ್ಚಳ ಮೆಲ್ಲಗೆ ಮುಚ್ಚಿಕೊಂಡಿತು, ಅಲ್ಲಿಗೆ ಎಲ್ಲ ನಿಂತಿತು.

"ಇನ್ನೂ ಕೆಡಬೋದಿತ್ತು ಕಣೋ," ಎಂದ ಲುಪ್ಪೊ, ಕೈ ಬಿಡದೆ. ಮತ್ತೆ ಅದನ್ನೇ ಹೇಳಿದ, ಇನ್ನಷ್ಟು ಗಟ್ಟಿಯಾಗಿ.

ಹಿಲ್ಕೊ ನೆಲ ನೋಡುತ್ತಿದ್ದ. ಫೆನ್ನಾ ಕಣ್ಣೊರೆಸಿಕೊಂಡು ಎದ್ದು, ಮೇಜಿನ ಮೇಲಿದ್ದ ಬಿಸ್ಕತ್ತಿನ ಡಬ್ಬಿಯ ಮುಚ್ಚಳ ಹಾಕಿದಳು.