ಕೂಡಿಸಿದ ಹಾಸು

ಬ್ರಿಟಿಷರ ಮೇಲೆ ಎದ್ದ ನರಗುಂದದ ಗದ್ದಲ ಅಡಗಿತ್ತು, ಆದರೆ ಪುಂಡರ ಸೊಕ್ಕು ಅಡಗಿರಲಿಲ್ಲ. ಆಯುಧಗಳನ್ನೆಲ್ಲ ಸರಕಾರಕ್ಕೆ ಒಪ್ಪಿಸಬೇಕೆಂದು ಊರೂರಲ್ಲಿ ಡಂಗುರ ಸಾರಿದ್ದೇ ಸಾರಿದ್ದು. ಒಪ್ಪಿಸಿದವರು ಯಾರು? ಬಡವರು! ಜಮೀನ್ದಾರರ ವಾಡೆಯ ಆಳುಗಳ ಕತ್ತಿ ಮಾತ್ರ ಕಂಬಳಿಯೊಳಗೆ ಬೆಚ್ಚಗಿತ್ತು.

ಅಂಥ ಆಳುಗಳಿಬ್ಬರು, ಭೈರೋಜಿ ಮತ್ತು ಫಕ್ಕೀರಪ್ಪ, ಒಂದು ಮಧ್ಯಾಹ್ನ ಗಜೇಂದ್ರಗಡದ ನೇಕಾರ ವೀರಪ್ಪನ ಮನೆಗೆ ನುಗ್ಗಿದರು. ಮಗ್ಗದ ಮೇಲಿನ ಸೀರೆಯನ್ನು ಇದ್ದ ಹಾಗೇ ಕೊಯ್ದು ಕೊಡು ಎಂದರು. ಏನು ಧಿಮಾಕು ನೋಡಿ! ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದ ವೀರಪ್ಪ ಒಲ್ಲೆ ಅಂದ. ಭೈರೋಜಿ ಕತ್ತಿ ಹಿರಿದು ಬೀಸಿದ. ಏಟು ಮಗ್ಗಕ್ಕೆ ಉದ್ದುದ್ದ ಬಿಗಿದ ನೂಲಿನ ಹಾಸಿನ ಮೇಲೆ ಬಿದ್ದು ಗೇಣಗಲ ಎಳೆಗಳು ತುಂಡಾದವು. ಕತ್ತಿ ಮತ್ತೆ ಮೇಲೆದ್ದಿತು. ಕುಣಿಯಲ್ಲಿ ಕೂತವನು ಓಡುವುದಾದರೂ ಎಲ್ಲಿಗೆ? ನೇಯ್ದ ಬಟ್ಟೆಯ ದಿಂಡು ತಿರುಗಿಸುವ ಕಬ್ಬಿಣದ ಸಲಾಕೆ ಕೈಗೆ ಸಿಕ್ಕಿತು, ಹೊಡೆದ. ಭೈರೋಜಿ ಬಿದ್ದವನು ಏಳಲಿಲ್ಲ. ಫಕ್ಕೀರಪ್ಪ ಕತ್ತಿ ಎತ್ತಿಕೊಂಡು ಓಡಿಹೋದ.

ಇದನ್ನೆಲ್ಲ ಕಣ್ಣಾರೆ ಕಂಡವಳು ಹೆಂಡತಿ ಕಳಕವ್ವ ಒಬ್ಬಳೇ. ಸಿಪಾಯಿಗಳು ಹೆಣವನ್ನೂ ವೀರಪ್ಪನನ್ನೂ ಚಾವಡಿಗೆ ಒಯ್ದ ಮೇಲೆ ಓಣಿಯ ಮಗ್ಗಗಳೆಲ್ಲ ಸುಮ್ಮನಾದವು. ಒಂದೊಂದೇ ಕದ ಮುಚ್ಚಿಕೊಂಡಿತು. ಹೊತ್ತು ಇಳಿಯುತ್ತಿತ್ತು, ಹಾಸು ಹರಿದೇ ಇತ್ತು. ಹರಿದ ಹಾಸಿನ ಮುಂದೆ ದೀಪ ಹಚ್ಚಿದರೆ ಮನೆಯ ಗಂಡಸಿನ ಆಯುಷ್ಯಕ್ಕೆ ಕುತ್ತು. ಇದು ಕಳಕವ್ವನ ಅತ್ತೆ ಹೇಳಿದ್ದು, ಅತ್ತೆಗೆ ಅವಳ ಅತ್ತೆ ಹೇಳಿದ್ದು. ಅಯ್ಯೋ, ಇವತ್ತೇ ಬಿಡುವುದೇ! ಎಳೆ ಜಾರದಿರಲೆಂದು ಬೆರಳಿಗೆ ಬೂದಿ ಮುಟ್ಟಿಸಿಕೊಂಡು, ಅಳುತ್ತಲೇ ಎಳೆಗೆ ಎಳೆ ಹೊಸೆದಳು. ಗಂಟು ಹಾಕಲಿಲ್ಲ. ದೀಪದ ಹೊತ್ತಿಗೆ ಹಾಸು ಮೊದಲಿನಂತಾಯಿತು.

ಮರುದಿನ ಫೌಜದಾರ ಬಂದ. ಅವನ ಬೆನ್ನಿಗೆ ಫಕ್ಕೀರಪ್ಪ, ಕೈ ಕಟ್ಟಿಕೊಂಡು, ಎಷ್ಟು ಸಾಧು ಅಂತೀರಿ!

"ಕತ್ತಿ ಹಿರದ ಜೀವಕ್ಕ ಬಂದಾವನ್ನ ಹೊಡದ್ರ ಕಾಯ್ದೆ ನಿನ್ನ ಗಂಡಗ ಏನೂ ಮಾಡೂದಿಲ್ಲ," ಅಂದ ಫೌಜದಾರ. "ಬರಿಗೈಯಾವನ್ನ ಕೊಂದಿದ್ರ ಗಲ್ಲು. ಈ ಫಕ್ಕೀರಪ್ಪ, ಕತ್ತೀನ ಇರಲಿಲ್ಲ, ಸೀರಿ ಕೊಳ್ಳಾಕ ಹೋಗಿದ್ವಿ ಅಂತಾನ. ನಿನ್ನ ಗಂಡ, ಕತ್ತೀಲೆ ಹಾಸ ಕಡದಾನ, ಹೋಗಿ ನೋಡ್ರಿ ಅಂತಾನ. ಎಲ್ಲೈತಿ, ತೋರಸು."

ಕಳಕವ್ವ ಮಗ್ಗದ ಕಡೆ ಬೆರಳು ತೋರಿಸಿದಳು.

"ನಿನ್ನೇನ ಕೂಡಿಸೇನ್ರಿ, ಸಾಹೇಬ್ರ."

"ಯಾಕ?"

"ದೀಪ ಹಚ್ಚೂದ್ರಾಗ ಕೂಡಸಬೇಕ್ರಿ. ಇಲ್ಲಂದ್ರ ಮನಿಯವ್ರಿಗೆ ಕೇಡ್ರಿ."

ಫೌಜದಾರ ಹಾಸಿನ ಮೇಲೆ ಅಂಗೈ ಆಡಿಸಿದ, ಬಗ್ಗಿ ನೋಡಿದ. ಒಂದು ಗಂಟೂ ಸಿಗಲಿಲ್ಲ.

"ಮನ್ಯಾಗ ಹೆಣ ಬಿದ್ದಿತ್ತು, ಗಂಡನ್ನ ಕಟ್ಟಿಕೊಂಡ ಹೋಗ್ಯಾರ. ನೀ ಕುಂತ ನೂಲ ಹೊಸದೇನಿ ಅಂತಿ. ಜೀವಕ್ಕ ಹೆದರಿದಾವ್ರು ಮಾಡೂ ಕೆಲಸ ಏನವಾ ಇದು?"

"ಹೆದರೇ ಮಾಡೇನ್ರಿ ಯಪ್ಪಾ! ನಿಮ್ಮ ಕಾಲ ಬೀಳ್ತೀನಿ, ಇಲ್ಲೇ ಕಡದಿದ್ದ್ರಿ, ಇಲ್ಲೇ!"

ಎರಡೂ ಕೈಯಿಂದ ಎಳೆಗಳನ್ನು ಹಿಡಿದು ಜಗ್ಗಿದಳು. ಹೊಸೆದದ್ದು ಬಿಡಲಿಲ್ಲ. ಅಂಥಾ ಚಲೋ ಕೈ ಅವಳದು, ಏನು ಮಾಡುವುದು! ಹಲ್ಲು ಕಚ್ಚಿ ಮತ್ತೆ ಜಗ್ಗಿದಳು. ಎಳೆಗಳು ಪಟಪಟನೆ ಹರಿದವು. ಕೂಡಿಸಿದ್ದೂ ಹರಿಯಿತು, ಕೂಡಿಸದ್ದೂ ಹರಿಯಿತು.

"ನೋಡ್ರಿ!" ಎಂದು ಮುಷ್ಟಿ ತುಂಬ ನೂಲು ಎತ್ತಿ ಹಿಡಿದಳು.

"ನೋಡಿದ್ನೆವಾ. ನೀನ ಹರದಿ, ನನ್ನ ಕಣ್ಣ ಮುಂದ." ಫೌಜದಾರನ ದನಿಯಲ್ಲಿ ಸಿಟ್ಟಿರಲಿಲ್ಲ, ಅದರಿಂದಲೇ ಅವಳಿಗೆ ಹೆಚ್ಚು ಭಯವಾಯಿತು. ಅವನು ಹೊರಗಿನ ಸಿಪಾಯಿಗೆ ಕೂಗಿ ಹೇಳಿದ: "ವೀರಪ್ಪಗ ಬೇಡಿ ಹಾಕ್ರಿ. ಧಾರವಾಡದ ಕೋರ್ಟಿಗೆ ಕಳಸೂನು."

ಎಲ್ಲರೂ ಹೋದರು. ಕಳಕವ್ವ ಮಗ್ಗದ ಮುಂದೆ ಕೂತಳು. ಸಂಜೆಯ ಹೊತ್ತಿಗೆ ಹಾಸನ್ನು ಕೂಡಿಸಬೇಕೋ, ಬಿಡಬೇಕೋ, ಅವಳಿಗೆ ತಿಳಿಯಲೇ ಇಲ್ಲ.