ತಿಕ್ಕಿದ ಬಂದೂಕು

ಬೆಳಿಗ್ಗೆ ಹನ್ನೊಂದೂಕಾಲಿಗೆ, ಪರೇಲಿನ ಹರಾಜು ಕಚೇರಿಯಲ್ಲಿ, ಹಳೆಯ ಆಯುಧಗಳಿಗೆ ಬೆಲೆ ಕಟ್ಟುವ ವಿನೋದಿನಿ ಭೂತಗನ್ನಡಿ ಕೆಳಗಿಟ್ಟರು.

“ಎಷ್ಟು ಹೊಳೀತದೆ ಮಾರಾಯ್ರೆ! ಯಾರು ತಿಕ್ಕಿದ್ದು?”

ಬಂದೂಕು ತಂದಿದ್ದ ಸಾಯಬಣ್ಣನಿಗೆ ಅದು ಹೊಗಳಿಕೆಯೆನಿಸಿತು. “ನಾನರೀ. ಖಂಡೇನವಮಿಗೆ ಹುಣಸೆಹಣ್ಣು, ಇಟ್ಟಂಗಿ ಪುಡಿ ಹಾಕಿ ತಿಕ್ಕತೇನಿ. ಆಮ್ಯಾಲೆ ಪೂಜಿ. ಒಂದ್ ವರ್ಷಾನೂ ತಪ್ಪಿಸಿಲ್ಲ.”

“ನನ್ನ ಹಿತ್ತಾಳಿ ಕೊಡಾ ಹಿಂಗ ಎಂದಾರ ತಿಕ್ಕ್ಯಾರೇನ್ ಕೇಳ್ರಿ,” ಎಂದಳು ಪಕ್ಕದಲ್ಲಿದ್ದ ಹೆಂಡತಿ ಶಿವಕುಮಾರಿ.

ಊರಲ್ಲಿ ಆಸ್ತಿ ಪಾಲಾದಾಗ ತಮ್ಮ ಬಸು ಬಾವಿ ಇದ್ದ ಹೊಲ ಕೇಳಿದ್ದ. ಸಾಯಬಣ್ಣ ಅದನ್ನು ಬಿಟ್ಟುಕೊಟ್ಟು ಮುತ್ತಜ್ಜನ ಬಂದೂಕು ಎತ್ತಿಕೊಂಡಿದ್ದ. ಮುತ್ತಜ್ಜ ಪಲ್ಟನ್ನಿನಲ್ಲಿದ್ದವನು; ಅವನ ಬಂದೂಕು ಹಿರಿಮಗನ ಮನೆಯಲ್ಲೇ ಇರಬೇಕೆಂಬುದು ಸಾಯಬಣ್ಣನ ಹಟ. “ಅಣ್ಣ ಕಬ್ಬಿಣ ತಗೊಂಡ, ನಾ ನೀರು ತಗೊಂಡೆ,” ಎಂದು ಬಸು ಇಂದಿಗೂ ಊರೆಲ್ಲ ಹೇಳಿ ನಗುತ್ತಿದ್ದ. ಆ ನಗು ನಿಲ್ಲಬೇಕಾದರೆ ಇದು ಅಸಲಿ ಪಲ್ಟನ್ ಬಂದೂಕೆಂದು ಬಲ್ಲವರು ಬರೆದುಕೊಡಬೇಕಿತ್ತು.

“ಗುಂಡು ಹಾರದ ಹಾಗೆ ತೂತು ಮುಚ್ಚಿಸಿದ್ದು ಪೊಲೀಸರು. ಕಾಗದ ಉಂಟು, ಅಡ್ಡಿಯಿಲ್ಲ,” ಎಂದರು ವಿನೋದಿನಿ. “ನಳಿಗೆ ಒಂದು ಗೇಣು ಕತ್ತರಿಸಿದ್ದಾರಲ್ಲ?”

“ನಮ್ಮ ಅಜ್ಜಾರ್ರೀ. ಹಂದಿ ಬೇಟಿಗೆ ಉದ್ದ ಆಗತಿತ್ತಂತ.”

“ಅದಕ್ಕೆ ಬೆಲೆ ಅರ್ಧ ಇಳೀತದೆ. ಆದ್ರೂ ಅಸಲಿ ಅಂತ ಬರೀಬಹುದಿತ್ತು.” ವಿನೋದಿನಿ ಗುಂಡು ಹಾರಿಸುವ ಕುದುರೆಯ ಪಕ್ಕದ ತಗಡಿನ ಮೇಲೆ ಬೆರಳಾಡಿಸಿದರು. “ಇಲ್ಲಿ ಪಲ್ಟನ್ನಿನ ಕಿರೀಟದ ಮುದ್ರೆ, ಇಸವಿ ಇರಬೇಕಿತ್ತು. ಈಗ ಕನ್ನಡಿಯ ಹಾಗೆ ನುಣುಪಾಗಿದೆ.”

“ಇತ್ತರೀ! ಊರಿಂದ ತಂದಾಗ ಬೆರಳಿಗೆ ಹತ್ತತಿತ್ತು!”

“ಹಾಗಾದ್ರೆ ಅದು ಹೋದದ್ದು ನಿಮ್ಮ ಇಟ್ಟಿಗೆ ಪುಡಿಯಿಂದ. ಕಬ್ಬಿಣದ ಮೇಲಿದ್ದ ಹಳೇ ಕಪ್ಪೂ ಹೋಯ್ತು. ನಕಲಿ ಮಾಡುವವರೂ ಇಷ್ಟು ಹೊಳಪು ಕೊಡುವುದಿಲ್ಲ.”

“ನೀವ ನೋಡಾಕತ್ತೀರಲ್ರೀ, ನಿಮಗ ನಂಬಿಗಿ ಇಲ್ಲೇನು?”

“ನಂಬಿಕೆ ಇದೆ. ಬರೆಯಲಿಕ್ಕೆ ಗುರುತು ಬೇಕು.”

ಅವರು ಬರೆದುಕೊಟ್ಟದ್ದು ಇಷ್ಟೇ: ಅಲಂಕಾರದ ವಸ್ತು, ಕಾಲ ತಿಳಿದಿಲ್ಲ.

ಹಾಸಿಗೆಯ ಚಾದರದಲ್ಲಿ ಸುತ್ತಿದ ಬಂದೂಕನ್ನು ತೊಡೆಯ ಮೇಲಿಟ್ಟುಕೊಂಡು ಸಾಯಬಣ್ಣ ಟ್ಯಾಕ್ಸಿಯಲ್ಲಿ ಕೂತ. ಸಯನ್ನಿನ ಮನೆ ಇನ್ನೂ ದೂರವಿರುವಾಗಲೇ ಬಸುವಿನ ಫೋನ್ ಬಂತು.

“ಏನಂದ್ರು ಅಣ್ಣಾ? ಒಲಿಗೋ, ಗುಜರಿಗೋ?”

ಸಾಯಬಣ್ಣ ಚಾದರವನ್ನು ಬಂದೂಕಿನ ಮೇಲೆ ಸರಿಯಾಗಿ ಎಳೆದುಕೊಂಡ. “ಅಸಲಿ ಅಂದ್ರು. ಲಕ್ಷಗಟ್ಟಲೆ ಬಾಳತೈತಂತ.”

ಶಿವಕುಮಾರಿ ಒಮ್ಮೆ ಗಂಡನ ಮುಖ ನೋಡಿ, ಕಿಟಕಿಯ ಕಡೆ ತಿರುಗಿದಳು. ಫೋನಿನ ಆ ಕಡೆ ಬಸುವಿನ ನಗು ನಿಂತಿತ್ತು.

“ಹೌದಾ?” ಎಂದ ಬಸು. “ಛಲೋ ಆತು ಬಿಡಣ್ಣಾ.”

ಮುಂದಿನ ವಾರ ಸಯನ್ನಿನ ಮನೆಗೆ ಬಸುವಿನ ವಕೀಲರ ನೋಟಿಸು ಬಂತು. ಪಾಲಾದ ದಿನ ಬಂದೂಕಿಗೆ ಬೆಲೆ ಕಟ್ಟಿರಲಿಲ್ಲವಾದ್ದರಿಂದ ಅದರ ಅರ್ಧ ಬೆಲೆಯನ್ನು ತಮ್ಮನಿಗೆ ಕೊಡಬೇಕೆಂದು ಅದರಲ್ಲಿತ್ತು.