ತಡವಾಗಿ ಬಂದವರು

ಗಾಲಿಮಂಚವನ್ನು ಲಿಫ್ಟಿನಿಂದ ಹೊರಗೆ ತಳ್ಳುತ್ತಿದ್ದಾಗಲೇ ಆಸ್ಪತ್ರೆಯ ಚಾವಣಿಯ ಸ್ಪೀಕರಿನಲ್ಲಿ ಸತ್ತವಳ ದನಿ ಕೇಳಿಸಿತು.

"ಎದೆಯಲ್ಲಿ ಗಂಟು ಕೈಗೆ ಸಿಕ್ಕರೆ ನಾಚಿಕೆ ಬೇಡ, ಭಯ ಬೇಡ. ತಡಮಾಡದೆ ಬನ್ನಿ."

ಗಂಡ ನಿಂತುಬಿಟ್ಟ. ಬಿಳಿ ಹೊದಿಕೆಯನ್ನು ನೋಡಿದ, ಆಮೇಲೆ ಚಾವಣಿಯನ್ನು ನೋಡಿದ.

"ಅದನ್ನ ಸ್ವಲ್ಪ ನಿಲ್ಸಿ," ಎಂದ ಕೌಂಟರಿನವನಿಗೆ.

"ತಾನಾಗೇ ಬರುತ್ತೆ ಸರ್, ತುಂಬಾ ಹಳೇದು. ಯಾರ ದನಿಯೋ ಏನೋ. ನಮಗಂತೂ ಈಗ ಕೇಳ್ಸೋದೇ ಇಲ್ಲ."

"ನನಗೆ ಕೇಳಿಸ್ತಿದೆ," ಎಂದ ಗಂಡ.

ಮಂಚದ ಇನ್ನೊಂದು ತುದಿ ಹಿಡಿದಿದ್ದ ಅವಳ ಶಿಷ್ಯೆ ಬೇಗಬೇಗ ತಳ್ಳತೊಡಗಿದಳು. ವಯಸ್ಸಿನಲ್ಲಿದ್ದಾಗ ಧ್ವನಿಮುದ್ರಿಸಿದ್ದ ಆ ನಾಲ್ಕು ಮಾತಿನಿಂದಲೇ ವಿಶ್ವವಿದ್ಯಾಲಯದಲ್ಲಿ ಸತ್ತವಳಿಗೆ ಮೈಕ್ ಮೇಡಂ ಎಂಬ ಹೆಸರು ಬಿದ್ದಿತ್ತು. ಜನರಿಗೆ ಆರೋಗ್ಯದ ಅರಿವು ಮೂಡಿಸುವುದು ಹೇಗೆಂದು ಎಂ.ಎ. ತರಗತಿಗೆ ಕಲಿಸುತ್ತಿದ್ದವಳು. ಸತ್ತದ್ದು ಅದೇ ಗಂಟಿನಿಂದ.

ಗೇಟಿನ ಹೊರಗೆ ಅವಳ ತಂಗಿ ಕಾಯುತ್ತಿದ್ದಳು. ಬಟ್ಟೆ ಹೊಲಿಯುವವಳು. ಎಷ್ಟು ಕರೆದರೂ ಆ ದಿನ ಒಳಗೆ ಬಂದಿರಲಿಲ್ಲ.

ಸ್ಮಶಾನದಲ್ಲಿ ವಿಭಾಗದ ಮುಖ್ಯಸ್ಥರು ಗಂಡನನ್ನು ಪಕ್ಕಕ್ಕೆ ಕರೆದರು.

"ಪತ್ರಿಕೆಗೆ ಕೊಡುವಾಗ ಹೃದಯಾಘಾತ ಅಂತ ಬರೆದ್ರೆ ಹೇಗೆ? ಪಾಠ ಹೇಳೋರೇ ಹೀಗೆ ಮಾಡ್ಕೊಂಡ್ರಲ್ಲ ಅಂತ ನಾಳೆ ನಾಲ್ಕು ಜನ ಆಡ್ಕೋತಾರೆ."

"ಅವಳು ಮುಚ್ಚಿಟ್ಟಿದ್ದೇ ಸಾಕು ಸಾರ್," ಎಂದು ಗಂಡ ಮುಖ ತಿರುಗಿಸಿದ.

*

ಕೊನೆಯ ತರಗತಿಗೆ ಮೇಡಂ ತಲೆಗೆ ಬಟ್ಟೆ ಸುತ್ತಿಕೊಂಡು ಬಂದಿದ್ದಳು. ರೋಗಿಗಳು ತಡವಾಗಿ ಬರುವುದೇಕೆ ಎಂಬ ಪ್ರಶ್ನೆಗೆ ಶಿಷ್ಯೆ ಹಲಗೆಯ ಮೇಲೆ 'ತಿಳಿವಳಿಕೆಯ ಕೊರತೆ' ಎಂದು ಬರೆದಳು.

ಮೇಡಂ ನಕ್ಕಳು. "ನನಗೂ ತಿಳಿವಳಿಕೆ ಇರ್ಲಿಲ್ವೇನಮ್ಮ? ಗಂಟು ಕೈಗೆ ಸಿಕ್ಕಿದ ದಿನವೇ ಇಲ್ಲಿ ನಿಂತು ಇದೇ ಪಾಠ ಮಾಡಿದ್ದೆ. ಚೆನ್ನಾಗೇ ಮಾಡಿದ್ದೆ."

ಶಿಷ್ಯೆ ಸೀಮೆಸುಣ್ಣ ಕೆಳಗಿಟ್ಟಳು.

"ಯಾಕೆ ಮೇಡಂ ತೋರಿಸ್ಕೊಳ್ಳಲಿಲ್ಲ?"

"'ಯಾಕೆ' ಅಂದ್ರೆ ಪೊಲೀಸ್ನೋರು ಕೇಳಿದ ಹಾಗಿರುತ್ತೆ. ನನ್ನ ದನಿ ಕೇಳಿದಾಗೆಲ್ಲ ನನಗೆ ಮೈ ಉರೀತಿತ್ತು. ಭಯ ಬೇಡವಂತೆ! ಭಯ ಏನು, ಬೇಡ ಅಂದ್ರೆ ಎದ್ದು ಹೋಗುತ್ತಾ? ನಿಮಗೆ ಹೇಳೋದನ್ನೇ ಕಲಿಸ್ಬಿಟ್ಟೆ. ಎದುರಿಗಿರೋರು ಬಾಯಿ ಬಿಡೋವರೆಗೂ ಕಾಯೋದು ಕಲಿಸ್ಲಿಲ್ಲ."

ಅವಳು ಹಲಗೆಯ ಮೇಲಿದ್ದುದನ್ನು ಅಳಿಸಿದಳು. ಅದರ ಜಾಗದಲ್ಲಿ ಬೇರೆ ಏನನ್ನೂ ಬರೆಯಲಿಲ್ಲ.

*

ಸಂಸ್ಕಾರ ಮುಗಿದ ಸಂಜೆ, ಮೇಡಂ ಮನೆಗೆ ಬಂದವರೆಲ್ಲ ಹೋದ ಮೇಲೆ ಅಡುಗೆಮನೆಯಲ್ಲಿ ತಂಗಿ ಲೋಟ ತೊಳೆಯುತ್ತಿದ್ದಳು. ಒರೆಸಿಡಲು ಶಿಷ್ಯೆ ಬಂದು ನಿಂತಳು. ತಂಗಿ ಎಡಗೈಯನ್ನು ಪಕ್ಕೆಗೆ ಅವುಚಿಕೊಂಡೇ ಕೆಲಸ ಮಾಡುತ್ತಿದ್ದಳು. ಮೇಲಿನ ಹಲಗೆಗೆ ಲೋಟವಿಡುವಾಗ ಆ ಕೈ ಮೇಲೇಳಲಿಲ್ಲ.

ಶಿಷ್ಯೆಯ ನಾಲಗೆ ತುದಿಗೆ ಓದಿದ್ದೆಲ್ಲ ಬಂತು. ನುಂಗಿಕೊಂಡಳು.

"ಅಮ್ಮಾ, ಆಸ್ಪತ್ರೆಗೆ ಹೋಗೋದಂದ್ರೆ ನಿಮಗೆ ಯಾವುದರ ಭಯ?"

ತಂಗಿ ಮುಂದಿನ ಲೋಟ ಎತ್ತಿಕೊಂಡಳು. ನಲ್ಲಿಯ ನೀರು ಹರಿಯುತ್ತಲೇ ಇತ್ತು. ಶಿಷ್ಯೆ ಕೈಯಲ್ಲಿದ್ದ ಲೋಟವನ್ನು ಒರೆಸಿದ್ದನ್ನೇ ಒರೆಸಿದಳು. ಹಜಾರದಲ್ಲಿ ಯಾರೋ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದರು.

"ಸಾಯೋದರ ಭಯ ಅಲ್ಲ ಕಣಮ್ಮ," ಎಂದಳು ತಂಗಿ ಕೊನೆಗೆ. "ಅಕ್ಕ ಮಲಗಿದ್ದಾಗ ಒಂದೇ ಸಲ ಹೋಗಿದ್ದೆ. ಅವಳು ಹಾಸಿಗೆ ಮೇಲೆ ಮಾತಾಡೋಕಾಗ್ದೆ ಬಿದ್ದಿದ್ಲು. ಮೇಲಿಂದ ಅವಳೇ ಬನ್ನಿ ಬನ್ನಿ ಅಂತ ಕರೀತಿದ್ಲು. ಆವತ್ತಿಂದ ಮಿಷನ್ ತುಳಿಯುವಾಗ್ಲೂ ಕರೀತಾಳೆ. ಹೋದ್ರೆ ಅವಳ ಹಾಸಿಗೇನೇ ಕೊಡ್ತಾರೆ ಅನ್ಸುತ್ತೆ."

ಶಿಷ್ಯೆ ಹಾಗಾಗಲ್ಲ ಎನ್ನಲಿಲ್ಲ. ನಲ್ಲಿ ನಿಲ್ಲಿಸಿದಳು.

"ಭಾವನಿಗೆ ಹೇಳ್ಬೇಡ, ಇವತ್ತೊಂದಿನ," ಎಂದಳು ತಂಗಿ.

"ಇವತ್ತು ಹೇಳಲ್ಲ. ನಾಳೆ ಬೆಳಗ್ಗೆ ನಾನು ಬರ್ತೀನಿ. ಆ ಸ್ಪೀಕರ್ ಇಲ್ಲದ ಬೇರೆ ಆಸ್ಪತ್ರೆಗೆ ಹೋಗೋಣ. ಹಾಸಿಗೆ ಕೊಡ್ತೀವಿ ಅಂದ್ರೆ ಎದ್ದು ಬಂದ್ಬಿಡೋಣ."

ತಂಗಿ ಕೈ ಒರೆಸಿಕೊಂಡು ಬಾಗಿಲಿಗೆ ಅಗುಳಿ ಹಾಕಿದಳು. ರವಿಕೆಯ ಗುಂಡಿಗಳನ್ನು ತಾನೇ ಬಿಚ್ಚತೊಡಗಿದಳು.

"ನಾನು ಡಾಕ್ಟರಲ್ಲಮ್ಮ."

"ಗೊತ್ತು. ಈ ಗಂಟನ್ನ ನಾನೊಬ್ಳೇ ಮುಟ್ಟಿ ಮುಟ್ಟಿ ಸಾಕಾಗಿದೆ."

ಶಿಷ್ಯೆ ತಣ್ಣಗಾಗಿದ್ದ ತನ್ನ ಬೆರಳುಗಳನ್ನು ಮೊದಲು ಒಲೆಯ ಪಕ್ಕದಲ್ಲಿ ಇನ್ನೂ ಬೆಚ್ಚಗಿದ್ದ ಚಹಾ ಕೆಟಲಿನ ಮೈಗೆ ಒತ್ತಿ ಹಿಡಿದಳು.